‘ಕ್ವೈಟ್’ ಅಂದರೆ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಹೇಳಿಕೊಡಲು ಶುರುಮಾಡಿದಾಗ, ಜನ ಜಾಸ್ತಿ ಕೇಳುವುದು ಟೆನ್ಸ್ ಬಗ್ಗೆ ಅಂದುಕೊಂಡಿದ್ದೆ. ಟೆನ್ಸ್ ಬಗ್ಗೆ ಕೇಳುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಒಮ್ಮೆ ಕೇಳಿ ಸುಮ್ಮನಾಗದೆ, ಮತ್ತೆ ಮತ್ತೆ ತಿರುಗಿ ಬಂದು ಕೇಳುವುದು ಇಂಥ ಪುಟ್ಟ ಪದಗಳ ಬಗ್ಗೆ. ಅದರಲ್ಲಿ ‘ಕ್ವೈಟ್’ ಮೊದಲನೆಯದು. ಕ್ಲಾಸಿನ ನಂತರದ ಮಾತು, ಪತ್ರ, ಕಮೆಂಟುಗಳಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು.

## ಶುರುವಿನ ಪ್ರಶ್ನೆಗಳು

ಮೇಡಂ, ಕ್ವೈಟ್ ಅಂದ್ರೆ ಕನ್ನಡದಲ್ಲಿ ಏನು? ಒಂದೇ ಪದ ಹೇಳಿ, ಸಾಕು.

ಒಂದೇ ಪದ ಬೇಕೇ ಬೇಕು ಅಂದರೆ ‘ಸುಮಾರು’ ಅನ್ನುತ್ತೇನೆ. ‘ಸುಮಾರು’ ಸರಿಯಾದ ಅರ್ಥ ಅಂತಲ್ಲ. ಅದೂ ಕ್ವೈಟ್‌ನ ಹಾಗೆಯೇ ಆಟ ಆಡುವ ಪದ, ಅದಕ್ಕೆ.

ನೋಡಿ. ‘ಸಿನಿಮಾ ಸುಮಾರಾಗಿದೆ’ ಅಂದರೆ ನೀವು ಟಿಕೆಟ್ ತೆಗೆಯುವುದಿಲ್ಲ. ‘ಮದುವೆಗೆ ಸುಮಾರು ಜನ ಬಂದಿದ್ರು’ ಅಂದರೆ ಛತ್ರ ತುಂಬಿತ್ತು ಅಂತ ತಿಳಿಯುತ್ತೀರಿ. ‘ಸುಮಾರು ನೂರು ಜನ’ ಅಂದರೆ ನೂರರ ಆಸುಪಾಸು. ಪದ ಒಂದೇ. ಒಂದು ಕಡೆ ಸಪ್ಪೆ, ಇನ್ನೊಂದು ಕಡೆ ಜಾಸ್ತಿ, ಮತ್ತೊಂದು ಕಡೆ ಅಂದಾಜು. ಇದನ್ನು ನಮಗೆ ಯಾರೂ ಪಾಠ ಮಾಡಲಿಲ್ಲ. ಪಕ್ಕದಲ್ಲಿ ಯಾವ ಪದ ಕೂತಿದೆ ಅಂತ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಕ್ವೈಟ್ ಕಲಿಯುವುದೂ ಹಾಗೆಯೇ. ಒಂಟಿಯಾಗಿ ಬಾಯಿಪಾಠ ಮಾಡಿದರೆ ಕೈಕೊಡುತ್ತದೆ.

ಕ್ವೈಟ್, ಕ್ವಯಟ್, ಕ್ವಿಟ್. ಮೂರೂ ಒಂದೇ ಥರ ಕಾಣುತ್ತೆ. ಬರೆಯುವಾಗ ಯಾವಾಗಲೂ ಅದಲು ಬದಲು ಆಗುತ್ತೆ.

ಇಂಗ್ಲಿಷ್‌ನವರಿಗೂ ಆಗುತ್ತದೆ, ಬೇಜಾರು ಬೇಡ. ಮೂರೂ ಸರಿಯಾದ ಪದಗಳೇ ಆದ್ದರಿಂದ ಕಂಪ್ಯೂಟರ್ ಸಹ ಎಷ್ಟೋ ಸಲ ಕೆಂಪು ಗೆರೆ ಹಾಕದೆ ಬಿಟ್ಟುಬಿಡುತ್ತದೆ.

ಇಲ್ಲಿ ಕನ್ನಡ ಲಿಪಿ ಸಹಾಯಕ್ಕೆ ಬರುತ್ತದೆ. ಮೊದಲು ಕನ್ನಡದಲ್ಲಿ ಬರೆದು ನೋಡಿ. ‘ಕ್ವಯಟ್’ ಅಂದರೆ ಗಲಾಟೆ ಇಲ್ಲದ, ಸದ್ದಿಲ್ಲದ. ಅದರಲ್ಲಿ ‘ಕ್ವ’ ಮತ್ತು ‘ಯ’ ಅಂತ ಎರಡು ಸ್ವರ ಕೇಳಿಸುತ್ತವೆ. ಹಾಗಾಗಿ ‘ಐ’ ಅಕ್ಷರದ ಬೆನ್ನಿಗೇ ‘ಇ’ ಅಕ್ಷರ, ಆಮೇಲೆ ‘ಟಿ’. ‘ಕ್ವೈಟ್’ನಲ್ಲಿ ಸ್ವರ ಒಂದೇ. ‘ಇ’ ಅಕ್ಷರ ಕೊನೆಗೆ ಹೋಗಿ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಗಾಳಿಪಟದ ಕೈಟ್, ಬಿಳಿಯ ವೈಟ್, ಕಚ್ಚುವ ಬೈಟ್, ಎಲ್ಲದರಲ್ಲೂ ಇದೇ ಕಥೆ. ಬಿಟ್ಟುಬಿಡು ಅನ್ನುವ ‘ಕ್ವಿಟ್’ನಲ್ಲಿ ಆ ‘ಇ’ ಅಕ್ಷರವೇ ಇಲ್ಲ.

ವೆರಿ ಅಂದ್ರೂ ಅದೇ ಅಲ್ವಾ?

ಅಲ್ಲ. ವೆರಿ ಅಂದರೆ ‘ತುಂಬಾ’, ಅದರಲ್ಲಿ ಅನುಮಾನವಿಲ್ಲ. ಬ್ರಿಟಿಷರ ಮಾತಿನಲ್ಲಿ ಒಂದು ಏಣಿ ಕಲ್ಪಿಸಿಕೊಳ್ಳಿ. ಕೆಳಗಿನ ಮೆಟ್ಟಿಲು ‘ಫೇರ್ಲಿ’. ಅದರ ಮೇಲೆ ‘ಕ್ವೈಟ್’. ಇನ್ನೂ ಸ್ವಲ್ಪ ಮೇಲೆ ‘ರಾದರ್’ ಮತ್ತು ‘ಪ್ರಿಟಿ’. ಅದರ ಮೇಲೆ ‘ವೆರಿ’. ಮೈಸೂರಿನ ಮಾರ್ಚ್ ಬಿಸಿಲು ಫೇರ್ಲಿ ಹಾಟ್ ಆದರೆ, ಏಪ್ರಿಲ್‌ನದು ಕ್ವೈಟ್ ಹಾಟ್. ಮೇ ತಿಂಗಳಲ್ಲಿ ಕಲಬುರಗಿಗೆ ಹೋದರೆ ವೆರಿ ಕೂಡ ಸಾಲದು.

‘ಪ್ರಿಟಿ’ ಮಾತಿಗೆ ಚೆನ್ನ, ಅರ್ಜಿಗೆ ಬೇಡ. ‘ರಾದರ್’ಗೆ ಒಂದು ಚಟ ಇದೆ, ಸಣ್ಣಗೆ ಗೊಣಗುತ್ತದೆ. ‘ರಾದರ್ ಹಾಟ್’ ಅಂದವರಿಗೆ ಸೆಖೆ ಹಿಡಿಸಿಲ್ಲ ಅಂತ ಅರ್ಥ. ‘ರಾದರ್ ಗುಡ್’ ಅಂದರೆ, ಇಷ್ಟು ಚೆನ್ನಾಗಿರುತ್ತೆ ಅಂದುಕೊಂಡಿರಲಿಲ್ಲ ಅಂತ.

## ದಿನಬಳಕೆಯ ಗೊಂದಲಗಳು

ಕ್ವೈಟ್ ಗುಡ್ ಅಂದ್ರೆ ‘ಸುಮಾರಾಗಿ ಚೆನ್ನಾಗಿದೆ’ ಅಂತೀರಿ. ಹಾಗಾದ್ರೆ ಕ್ವೈಟ್ ಇಂಪಾಸಿಬಲ್ ಅಂದ್ರೆ ಸುಮಾರಾಗಿ ಅಸಾಧ್ಯವಾ?

ಈ ಪ್ರಶ್ನೆ ಕೇಳಿದ ಹುಡುಗನಿಗೆ ಅವತ್ತೇ ಶಹಬ್ಬಾಸ್ ಹೇಳಿದ್ದೆ. ಇಡೀ ವಿಷಯದ ಗಂಟು ಇರುವುದೇ ಇಲ್ಲಿ.

ಗುಣ ಹೇಳುವ ಪದಗಳಲ್ಲಿ ಎರಡು ಜಾತಿ. ಒಂದು ಜಾತಿಗೆ ಹೆಚ್ಚು ಕಡಿಮೆ ಇದೆ. ಬಿಸಿ, ಉದ್ದ, ಒಳ್ಳೆಯದು, ದುಬಾರಿ. ಕಾಫಿ ಸ್ವಲ್ಪ ಬಿಸಿ ಇರಬಹುದು, ತುಂಬಾ ಬಿಸಿ ಇರಬಹುದು. ಇನ್ನೊಂದು ಜಾತಿಗೆ ಹೆಚ್ಚು ಕಡಿಮೆ ಇಲ್ಲ. ಸತ್ತದ್ದು ಸತ್ತಿದೆ, ‘ತುಂಬಾ ಸತ್ತಿದೆ’ ಅನ್ನುವುದಿಲ್ಲ. ಡಬ್ಬ ಖಾಲಿ ಆದಮೇಲೆ ಇನ್ನಷ್ಟು ಖಾಲಿ ಆಗುವುದಿಲ್ಲ. ಅಸಾಧ್ಯ ಅಂದಮೇಲೆ ಮುಗಿಯಿತು.

ಮೊದಲ ಜಾತಿಯ ಪದದ ಮುಂದೆ ಬಂದರೆ ಕ್ವೈಟ್ ಅಂದರೆ ‘ತಕ್ಕಮಟ್ಟಿಗೆ’. ಎರಡನೇ ಜಾತಿಯ ಪದದ ಮುಂದೆ ಬಂದರೆ ‘ಪೂರ್ತಿ’. ಕ್ವೈಟ್ ಗುಡ್, ತಕ್ಕಮಟ್ಟಿಗೆ ಚೆನ್ನಾಗಿದೆ. ಕ್ವೈಟ್ ಇಂಪಾಸಿಬಲ್, ಆಗುವ ಮಾತೇ ಅಲ್ಲ. ಕ್ವೈಟ್ ಎಂಪ್ಟಿ, ತಳ ಕಾಣುವಷ್ಟು ಖಾಲಿ. ಕ್ವೈಟ್ ರಾಂಗ್, ಪೂರ್ತಿ ತಪ್ಪು.

ಪರೀಕ್ಷೆ ಸುಲಭ. ಆ ಪದದ ಮುಂದೆ ‘ವೆರಿ’ ಹಾಕಿ ನೋಡಿ. ವೆರಿ ಗುಡ್ ಕೂರುತ್ತದೆ, ಹಾಗಾಗಿ ತಕ್ಕಮಟ್ಟಿಗೆ. ವೆರಿ ಇಂಪಾಸಿಬಲ್ ಕೂರುವುದಿಲ್ಲ, ಹಾಗಾಗಿ ಪೂರ್ತಿ. ಬ್ರಿಲಿಯಂಟ್, ಅಮೇಜಿಂಗ್ ಥರದ ಪದಗಳೂ ಎರಡನೇ ಗುಂಪಿಗೇ ಸೇರುತ್ತವೆ. ಅವುಗಳಲ್ಲಿ ‘ತುಂಬಾ’ ಅನ್ನುವುದು ಮೊದಲೇ ಕೂತಿದೆ. ‘ಕ್ವೈಟ್ ಬ್ರಿಲಿಯಂಟ್’ ಅಂದರೆ ಸಪ್ಪೆ ಮಾತಲ್ಲ, ಬಾಯ್ತುಂಬ ಹೊಗಳಿಕೆ.

ಈ ಪರೀಕ್ಷೆಗೂ ಜಾರಿ ಹೋಗುವ ಪದಗಳಿವೆ. ಡಿಫರೆಂಟ್, ಶ್ಯೂರ್, ಕ್ಲಿಯರ್, ಸೇಫ್. ಇವುಗಳ ಮುಂದೆ ವೆರಿ ಸಲೀಸಾಗಿ ಕೂರುತ್ತದೆ. ಆದರೂ ಕ್ವೈಟ್ ಬಂದಾಗ ಸಾಮಾನ್ಯವಾಗಿ ‘ಪೂರ್ತಿ’ ಎಂದೇ ಅರ್ಥ. ‘ಕ್ವೈಟ್ ಡಿಫರೆಂಟ್’ ಅಂದರೆ ಬೇರೆಯೇ, ಸಂಬಂಧವೇ ಇಲ್ಲ. ‘ಆರ್ ಯೂ ಕ್ವೈಟ್ ಶ್ಯೂರ್?’ ಅಂತ ಕೇಳಿದರೆ ‘ನಿಜಕ್ಕೂ ಖಾತ್ರಿನಾ?’ ಅಂತ. ಈ ನಾಲ್ಕನ್ನು ಮಾತ್ರ ನೆನಪಲ್ಲಿ ಇಟ್ಟುಕೊಳ್ಳಿ, ಬೇರೆ ದಾರಿ ಇಲ್ಲ.

ನಾಟ್ ಕ್ವೈಟ್ ಅಂದ್ರೆ ‘ಸ್ವಲ್ಪವೂ ಅಲ್ಲ’ ಅಂತನಾ?

ಉಲ್ಟಾ. ಇನ್ನೇನು ಬಂದೇಬಿಟ್ಟಿತು, ಕೂದಲೆಳೆ ಬಾಕಿ ಇದೆ ಅಂತ. ಕುಕ್ಕರಿನ ಇಡ್ಲಿಗೆ ಕಡ್ಡಿ ಚುಚ್ಚಿದಾಗ ತುದಿಗೆ ಹಿಟ್ಟು ಅಂಟಿದರೆ, ಅದು ‘ನಾಟ್ ಕ್ವೈಟ್ ರೆಡಿ’. ಇನ್ನೆರಡು ನಿಮಿಷ. ‘ನಾಟ್ ಅಟ್ ಆಲ್ ರೆಡಿ’ ಅಂದರೆ ಇನ್ನೂ ಒಲೆಯೇ ಹಚ್ಚಿಲ್ಲ.

ಇಲ್ಲ, ಅಲ್ಲ ಅನ್ನುವ ವಾಕ್ಯದೊಳಗೆ ಬಂದಾಗ ಕ್ವೈಟ್‌ಗೆ ‘ಪೂರ್ತಿ’ ಅನ್ನುವ ಅರ್ಥವೇ. ಅದಕ್ಕೇ ಇದು ಮರ್ಯಾದೆಯ ಮಾತಿಗೆ ತುಂಬಾ ಉಪಯೋಗ. ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’ ಅಂದರೆ ಮುಖಕ್ಕೆ ಹೊಡೆದ ಹಾಗೆ ಕೇಳಿಸಬಹುದು. ‘ಐ ಡೋಂಟ್ ಕ್ವೈಟ್ ಅಂಡರ್‌ಸ್ಟ್ಯಾಂಡ್’ ಅಂದರೆ, ನೀವು ಹೇಳಿದ್ದು ಬಹುಪಾಲು ತಿಳಿಯಿತು, ಒಂಚೂರು ಬಿಡಿಸಿ ಹೇಳಿ ಅಂತ. ಒಂದಕ್ಷರ ತಿಳಿಯದೇ ಇದ್ದಾಗಲೂ ಜನ ಹೀಗೆಯೇ ಹೇಳುತ್ತಾರೆ. ಅದು ಮರ್ಯಾದೆಯ ಸುಳ್ಳು.

ಕ್ವೈಟ್ ಎ ಫ್ಯೂ ಅಂದ್ರೆ ಕೆಲವರಾ, ಹಲವರಾ? ‘ಫ್ಯೂ’ ಇದೆಯಲ್ಲ?

ಹಲವರು. ‘ಸುಮಾರು ಜನ’ ಅನ್ನುತ್ತೇವಲ್ಲ, ಡಿಟ್ಟೋ ಅದೇ. ‘ಫ್ಯೂ’ ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ‘ಎ ಫ್ಯೂ’ ಅಂದರೆ ನಾಲ್ಕಾರು. ‘ಕ್ವೈಟ್ ಎ ಫ್ಯೂ’ ಅಂದರೆ ಬೇಕಾದಷ್ಟು. ಇಲ್ಲಿ ಲೆಕ್ಕ ಹಾಕಲು ಹೋಗಬೇಡಿ, ಮೂರು ಪದವನ್ನು ಒಂದು ಗಂಟಾಗಿ ಇಟ್ಟುಕೊಳ್ಳಿ. ‘ಕ್ವೈಟ್ ಎ ಬಿಟ್’, ‘ಕ್ವೈಟ್ ಎ ಲಾಟ್’, ‘ಕ್ವೈಟ್ ಸಮ್ ಟೈಮ್’ ಇವೂ ಜಾಸ್ತಿಯ ಕಡೆಗೇ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇದರ ಕೆಳಗೆ ಗೆರೆ ಹಾಕಿಕೊಳ್ಳಿ.

‘ಎ ಕ್ವೈಟ್ ಗುಡ್ ಬುಕ್’ ಸರಿಯೋ, ‘ಕ್ವೈಟ್ ಎ ಗುಡ್ ಬುಕ್’ ಸರಿಯೋ?

ಎರಡನೆಯದು. ವೆರಿ ಬಂದರೆ ‘ಎ’ ಮೊದಲು, ಕ್ವೈಟ್ ಬಂದರೆ ‘ಎ’ ಆಮೇಲೆ. ಮೊದಲನೆಯದು ಅಲ್ಲಲ್ಲಿ ಕಾಣಿಸುತ್ತದೆ, ಆದರೆ ಕಿವಿಗೆ ಒಡ್ಡೊಡ್ಡು.

ಗುಣ ಹೇಳುವ ಪದವನ್ನೇ ತೆಗೆದುಬಿಟ್ಟರೆ ಅರ್ಥ ಏರುತ್ತದೆ. ‘ಕ್ವೈಟ್ ಎ ಗುಡ್ ಸಿಂಗರ್’ ಅಂದರೆ ಪರವಾಗಿಲ್ಲದ ಹಾಡುಗಾರ. ‘ಕ್ವೈಟ್ ಎ ಸಿಂಗರ್’ ಅಂದರೆ ‘ಏನ್ ಹಾಡ್ತಾನಪ್ಪ!’. ‘ಎ’ ಬದಲು ‘ದ’ ಬಂದರೆ ಕಿವಿ ನಿಮಿರಿಸಿ. ‘ಹಿ ಈಸ್ ಕ್ವೈಟ್ ದ ಹೀರೋ’ ಅನ್ನುವುದರಲ್ಲಿ ಹೊಗಳಿಕೆಯ ಜೊತೆ ಕೊಂಕೂ ಇರಬಹುದು. ‘ದೊಡ್ಡ ಹೀರೋ ಕಣಪ್ಪ’ ಅಂತ ನಾವು ಎಳೆದು ಹೇಳುವುದಿಲ್ಲವೇ, ಹಾಗೆ.

‘ಕ್ವೈಟ್ ಬೆಟರ್’ ಅಂತ ಬರೆದೆ, ಟೀಚರ್ ಹೊಡೆದು ಹಾಕಿದರು. ಯಾಕೆ?

ಹೋಲಿಸುವ ಪದಗಳ ಮುಂದೆ ಕ್ವೈಟ್ ಬರುವುದಿಲ್ಲ. ಕ್ವೈಟ್ ಬಿಗ್ಗರ್, ಕ್ವೈಟ್ ಚೀಪರ್, ಯಾವುದೂ ಇಲ್ಲ. ‘ಮಚ್ ಬೆಟರ್’, ‘ಎ ಬಿಟ್ ಬೆಟರ್’, ‘ರಾದರ್ ಬೆಟರ್’ ಅನ್ನಿ. ಒಂದೇ ಒಂದು ವಿನಾಯಿತಿ: ಜ್ವರ ಬಿಟ್ಟು ಪೂರ್ತಿ ಗುಣ ಆದಾಗ ಬ್ರಿಟನ್ನಿನಲ್ಲಿ ‘ಕ್ವೈಟ್ ಬೆಟರ್’ ಅನ್ನುತ್ತಾರೆ. ನೀವು ಬರೆದದ್ದು ಕಾಯಿಲೆಯ ಬಗ್ಗೆ ಆಗಿದ್ದರೆ ಟೀಚರ್ ಹತ್ತಿರ ವಾದ ಮಾಡಬಹುದು.

ಕ್ರಿಯಾಪದದ ಜೊತೆ ಹೇಗೆ? ‘ಐ ಲೈಕ್ ಕ್ವೈಟ್’ ಅನ್ನಬಹುದಾ?

ಕೂಡದು. ಕ್ವೈಟ್ ಕ್ರಿಯಾಪದಕ್ಕಿಂತ ಮುಂದೆ ಬರಬೇಕು: ‘ಐ ಕ್ವೈಟ್ ಲೈಕ್ ಇಟ್’. ಇಲ್ಲೂ ಎರಡು ಜಾತಿ ಬಿಡಲಿಲ್ಲ ನೋಡಿ. ಇಷ್ಟಪಡುವುದರಲ್ಲಿ ಹೆಚ್ಚು ಕಡಿಮೆ ಇದೆ, ಹಾಗಾಗಿ ‘ತಕ್ಕಮಟ್ಟಿಗೆ ಇಷ್ಟ’. ಒಪ್ಪುವುದನ್ನು ಇಂಗ್ಲಿಷ್ ‘ಹೌದು ಇಲ್ಲ’ದ ಲೆಕ್ಕಕ್ಕೆ ಸೇರಿಸುತ್ತದೆ. ಹಾಗಾಗಿ ‘ಐ ಕ್ವೈಟ್ ಅಗ್ರೀ’ ಅಂದರೆ ಪೂರ್ತಿ ಒಪ್ಪಿಗೆ. ‘ಐ ಕ್ವೈಟ್ ಅಂಡರ್‌ಸ್ಟ್ಯಾಂಡ್’ ಕೂಡ ಹಾಗೆಯೇ. ರಜೆ ಕೇಳಿದಾಗ ಮೇಲಧಿಕಾರಿ ಹೀಗಂದರೆ, ಅರ್ಧಂಬರ್ಧ ಅರ್ಥ ಆಯಿತು ಅಂತಲ್ಲ. ನಿಮ್ಮ ಕಷ್ಟ ಗೊತ್ತಾಯಿತು ಅಂತ.

## ಸ್ವಲ್ಪ ಆಳಕ್ಕೆ

ಲಂಡನ್ ಆಫೀಸಿನ ಮ್ಯಾನೇಜರ್ ನನ್ನ ರಿಪೋರ್ಟ್ ‘ಕ್ವೈಟ್ ಗುಡ್’ ಅಂದರು. ಖುಷಿ ಪಡಬೇಕಾ ಬೇಡವಾ?

ಮ್ಯಾನೇಜರ್ ಅಮೆರಿಕದವರಾಗಿದ್ದರೆ ಖುಷಿಪಡಿ ಅನ್ನುತ್ತಿದ್ದೆ. ಅಮೆರಿಕದಲ್ಲಿ ಕ್ವೈಟ್ ಬಹುಮಟ್ಟಿಗೆ ‘ವೆರಿ’ಯ ಹತ್ತಿರ ನಿಲ್ಲುತ್ತದೆ. ‘ಕ್ವೈಟ್ ಗುಡ್’ ಅಂದರೆ ಚೆನ್ನಾಗಿಯೇ ಇದೆ ಅಂತ. ಬ್ರಿಟನ್ನಿನಲ್ಲಿ ಅದೇ ಮಾತು ‘ಪರವಾಗಿಲ್ಲ’ ಅನ್ನುವ ಮಟ್ಟಕ್ಕೆ ಇಳಿಯುತ್ತದೆ.

ನನಗೇ ಆದದ್ದು ಹೇಳುತ್ತೇನೆ. ಬಹಳ ಹಿಂದೆ ಒಬ್ಬ ಬ್ರಿಟಿಷ್ ಸಂಪಾದಕರಿಗೆ ಅನುವಾದ ಮಾಡಿ ಕಳಿಸಿದ್ದೆ. ‘ಕ್ವೈಟ್ ಗುಡ್’ ಅಂತ ಉತ್ತರ ಬಂತು. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅಮ್ಮ ಶ್ಯಾವಿಗೆ ಪಾಯಸ ಮಾಡಿದರು. ವಾರದ ನಂತರ ಅದೇ ಅನುವಾದ ಪುಟ ಪುಟಕ್ಕೂ ತಿದ್ದುಪಡಿ ಹೊತ್ತುಕೊಂಡು ವಾಪಸ್ ಬಂತು. ಅವರು ಸುಳ್ಳು ಹೇಳಿರಲಿಲ್ಲ. ನಾನು ಮೆಟ್ಟಿಲು ತಪ್ಪು ಎಣಿಸಿದ್ದೆ, ಅಷ್ಟೇ. ಪಾಯಸವಂತೂ ಚೆನ್ನಾಗಿತ್ತು.

ಬರೆದದ್ದಕ್ಕಿಂತ ಮಾತಿನಲ್ಲಿ ಗುರುತು ಹಿಡಿಯುವುದು ಸುಲಭ. ಒತ್ತು ಎಲ್ಲಿ ಬಿತ್ತು ಅಂತ ಕೇಳಿಸಿಕೊಳ್ಳಿ. ಬ್ರಿಟಿಷರು ‘ಗುಡ್’ ಮೇಲೆ ಒತ್ತು ಹಾಕಿದರೆ ಅದು ಮೆಚ್ಚುಗೆ. ‘ಕ್ವೈಟ್’ ಮೇಲೆಯೇ ಒತ್ತಿ ಎಳೆದರೆ, ಹಿಂದೆ ಒಂದು ‘ಆದರೆ’ ಬರುತ್ತಿದೆ ಅಂತ ಲೆಕ್ಕ. ನಮ್ಮಲ್ಲೂ ಇದು ಇದೆಯಲ್ಲ. ಮಗ ಮೊದಲ ಸಲ ಮಾಡಿದ ಚಿತ್ರಾನ್ನ ತಿಂದು, ಹುಬ್ಬೇರಿಸಿ ‘ಪರವಾಗಿಲ್ವೇ!’ ಅಂದರೆ ಅದು ಸರ್ಟಿಫಿಕೇಟ್. ತಟ್ಟೆ ನೋಡುತ್ತಾ ‘ಪರವಾಗಿಲ್ಲ...’ ಅಂತ ಎಳೆದರೆ, ಉಪ್ಪು ಜಾಸ್ತಿ ಆಗಿದೆ. ಉತ್ತರ ಕನ್ನಡದ ಕಡೆಯವರು ‘ಅಡ್ಡಿಲ್ಲ’ ಅನ್ನುವಾಗಲೂ ರಾಗವನ್ನೇ ಗಮನಿಸಬೇಕು.

ಈ ಅಳತೆಯ ಪದಗಳು ಯುದ್ಧಭೂಮಿಯಲ್ಲೂ ಎಡವಟ್ಟು ಮಾಡಿವೆ ಅನ್ನುತ್ತಾರೆ. ಕೊರಿಯಾ ಯುದ್ಧದಲ್ಲಿ, 1951ರ ಏಪ್ರಿಲ್‌ನಲ್ಲಿ, ಇಮ್‌ಜಿನ್ ನದಿಯ ಹತ್ತಿರ ಬ್ರಿಟಿಷ್ ಪಡೆಯನ್ನು ಚೀನಾದ ದೊಡ್ಡ ಸೇನೆ ಮುತ್ತಿತ್ತು. ಬ್ರಿಟಿಷ್ ಬ್ರಿಗೇಡಿಯರ್ ಟಾಮ್ ಬ್ರೋಡಿ ತಮ್ಮ ಮೇಲಿನ ಅಮೆರಿಕನ್ ಜನರಲ್‌ಗೆ ಪರಿಸ್ಥಿತಿ ‘ಎ ಬಿಟ್ ಸ್ಟಿಕಿ’ ಅಂದರಂತೆ. ಅಂದರೆ ಸ್ವಲ್ಪ ತೊಡಕಾಗಿದೆ ಅಂತ. ಇನ್ನೊಬ್ಬ ಬ್ರಿಟಿಷ್ ಅಧಿಕಾರಿಗೆ ಆ ಮಾತು ‘ಪ್ರಾಣಕ್ಕೆ ಬಂದಿದೆ’ ಅಂತ ಕೇಳಿಸುತ್ತಿತ್ತು. ಅಮೆರಿಕನ್ನರು ‘ಸ್ವಲ್ಪ’ ಅನ್ನುವುದನ್ನು ಸ್ವಲ್ಪ ಎಂದೇ ತಿಳಿದರು ಅನ್ನುವುದು ಕಥೆ. ಗುಡ್ಡದ ಮೇಲೆ ಸಿಕ್ಕಿಬಿದ್ದ ಗ್ಲಾಸ್ಟರ್‌ಷೈರ್ ರೆಜಿಮೆಂಟಿನ ನೂರಾರು ಸೈನಿಕರು ಸೆರೆಯಾದರು. ಸೋಲಿಗೆ ಆ ಒಂದು ಮಾತೇ ಕಾರಣ ಅನ್ನುವುದು ಅತಿಯಾಯಿತು. ಆದರೆ ಬ್ರಿಟಿಷರ ತಗ್ಗಿಸಿದ ಮಾತಿನ ಬಗ್ಗೆ ಹೇಳುವಾಗ ಈ ಉದಾಹರಣೆ ಬಂದೇ ಬರುತ್ತದೆ.

ನಾನು ಉದ್ದಕ್ಕೆ ಏನೋ ಹೇಳಿದೆ. ಅವರು ಬರೀ ‘ಕ್ವೈಟ್’ ಅಂದು ಸುಮ್ಮನಾದರು. ವಾಕ್ಯ ಮುಗಿಸಲೇ ಇಲ್ಲ!

ಮುಗಿಸಿದರು. ‘ಹೌದೌದು, ನಿಜ’ ಅಂದರು. ‘ಕ್ವೈಟ್ ಸೋ’ ಅಂತಲೂ ಅನ್ನುತ್ತಾರೆ. ಇದು ಬ್ರಿಟನ್ನಿನ ಸ್ವಲ್ಪ ಹಳೇ ಕಾಲದ, ಸ್ವಲ್ಪ ಬಿಗುಮಾನದ ಮಾತು. ನೀವು ಬಳಸಲು ಹೋಗಬೇಡಿ, ನಾಟಕದ ಡೈಲಾಗ್ ಥರ ಕೇಳಿಸುತ್ತದೆ. ‘ದಟ್ಸ್ ಕ್ವೈಟ್ ಇನಫ್’ ಅಂದರೆ ಮಾತ್ರ ಎಚ್ಚರ. ಅದು ಊಟದ ಎಲೆ ಮುಂದೆ ಹೇಳುವ ‘ಸಾಕು’ ಅಲ್ಲ. ‘ಸಾಕು ಬಾಯ್ಮುಚ್ಚು’ ಅನ್ನುವ ಗದರಿಕೆ.

ಒಂದೇ ಪದಕ್ಕೆ ‘ಪೂರ್ತಿ’ ಅಂತಲೂ ‘ಸುಮಾರು’ ಅಂತಲೂ ಅರ್ಥ ಹೇಗೆ ಬಂತು? ಯಾವುದು ಮೊದಲು?

ಪೂರ್ತಿಯೇ ಮೊದಲು. ಮೂಲ ಲ್ಯಾಟಿನ್‌ನ ‘ಕ್ವಿಯೇಟಸ್’, ಅಂದರೆ ನೆಮ್ಮದಿಯಾಗಿರುವ. ಅದು ಹಳೇ ಫ್ರೆಂಚಿಗೆ ಬಂದಾಗ ‘ಋಣ ಕಳೆದುಕೊಂಡ, ಬಿಡುಗಡೆಯಾದ’ ಅನ್ನುವ ಅರ್ಥ ಸೇರಿತು. ಸಾಲ ತೀರಿದವನಿಗೆ ತಾನೇ ನೆಮ್ಮದಿ! ಅಲ್ಲಿಂದ ಇಂಗ್ಲಿಷಿಗೆ ಬಂದು, 14ನೇ ಶತಮಾನದ ಹೊತ್ತಿಗೆ ‘ಬಾಕಿ ಏನೂ ಉಳಿಯದ ಹಾಗೆ, ಪೂರ್ತಿಯಾಗಿ’ ಎಂದಾಯಿತು. ಗಲಾಟೆ ಇಲ್ಲದ ‘ಕ್ವಯಟ್’, ಬಿಟ್ಟುಹೋಗುವ ‘ಕ್ವಿಟ್’, ಕೋರ್ಟು ಖುಲಾಸೆ ಮಾಡುವ ‘ಅಕ್ವಿಟ್’ ಎಲ್ಲ ಒಂದೇ ಮನೆಯವು. ‘ಕಾಲ್ ಇಟ್ ಕ್ವಿಟ್ಸ್’ ಅನ್ನುವುದರಲ್ಲಿ ಲೆಕ್ಕ ಚುಕ್ತಾ ಆದ ಆ ಹಳೇ ವಾಸನೆ ಇನ್ನೂ ಇದೆ.

ಹಾಗೆ ನೋಡಿದರೆ 1942ರ ಕ್ವಿಟ್ ಇಂಡಿಯಾದ ಕ್ವಿಟ್ ಕೂಡ ಇದರ ಒಡಹುಟ್ಟು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅಂತ ಶಿವಮೊಗ್ಗ ಜಿಲ್ಲೆಯ ಈಸೂರಿನವರು ಕೂಗಿದ್ದು ಆ ಚಳವಳಿಯಲ್ಲೇ. ಬ್ರಿಟಿಷರಿಗೆ ‘ಸುಮಾರಾಗಿ ಹೋಗಿ’ ಅಂತ ಯಾರೂ ಹೇಳಲಿಲ್ಲ, ಪೂರ್ತಿ ಹೋಗಿ ಅಂದರು.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಬೇರೆ. ನಮ್ಮ ‘ತೀರಾ’ ನೋಡಿ. ತೀರಾ ಚಿಕ್ಕವನು, ತೀರಾ ಹತ್ತಿರ. ಅದು ಬಂದದ್ದು ‘ತೀರು’ವಿನಿಂದ. ಸಾಲ ತೀರುತ್ತದೆ, ಋಣ ತೀರುತ್ತದೆ. ಸಾಲ ತೀರುವ ಮಾತಿನಿಂದ ಇಂಗ್ಲಿಷಿನವರು ಕ್ವೈಟ್ ಮಾಡಿಕೊಂಡರು, ನಾವು ತೀರಾ ಮಾಡಿಕೊಂಡೆವು. ಎರಡು ಭಾಷೆಗೂ ನಂಟಿಲ್ಲ. ಒಬ್ಬರನ್ನೊಬ್ಬರು ನೋಡಿ ಬರೆದದ್ದೂ ಅಲ್ಲ.

‘ಸುಮಾರು’ ಅನ್ನುವ ಅರ್ಥ ಬಲವಾದದ್ದು ತಡವಾಗಿ, 19ನೇ ಶತಮಾನದ ಹೊತ್ತಿಗೆ. ಅಳತೆಯ ಪದಗಳಿಗೆ ಸವಕಲು ರೋಗ ಇದೆ. ‘ಪೂರ್ತಿ ಚೆನ್ನಾಗಿದೆ’ ಅಂತ ಎಲ್ಲದಕ್ಕೂ ಅನ್ನುತ್ತಾ ಹೋದರೆ, ಕೇಳುವವರು ತಾವೇ ಒಂದಷ್ಟು ಕಡಿತ ಮಾಡಿಕೊಳ್ಳುತ್ತಾರೆ. ‘ವೆರಿ’ ಕೂಡ ಮೊದಲು ‘ನಿಜವಾದ’ ಅನ್ನುವ ಪದ. ಈಗ ಅದರಲ್ಲಿ ಆ ನಿಜ ಯಾರಿಗೂ ಕೇಳಿಸುವುದಿಲ್ಲ. ನಾವು ‘ಭಯಂಕರ ಚೆನ್ನಾಗಿದೆ’ ಅನ್ನುವಾಗ ಯಾರಾದರೂ ಹೆದರುತ್ತಾರಾ? ‘ಸಾಕಷ್ಟು’ ಅಂದರೆ ಮೊದಲು ಸಾಕಾಗುವಷ್ಟು. ಈಗ ‘ಸಾಕಷ್ಟು ತೊಂದರೆ ಆಯ್ತು’ ಅನ್ನುತ್ತೇವೆ, ತೊಂದರೆ ಯಾರಿಗೆ ಬೇಕಿತ್ತು ಸಾಕಾಗೋಕೆ!

ಅನುವಾದ ಮಾಡುವಾಗ ಪ್ರತಿ ಸಲ ‘ಸಾಕಷ್ಟು’ ಅಂತ ಹಾಕ್ತೀನಿ. ತಪ್ಪಾ?

ತಪ್ಪು ಅನ್ನುವುದಕ್ಕಿಂತ ಸೋಮಾರಿತನ. ಬೈಯುತ್ತಿಲ್ಲ, ನಾನೂ ಮಾಡಿದ್ದೇನೆ. ‘ಕ್ವೈಟ್ ಟೈರ್ಡ್’ಗೆ ‘ಸಾಕಷ್ಟು ದಣಿದಿದ್ದ’ ಅಂದರೆ ಪತ್ರಿಕೆಯ ಭಾಷೆ ಆಯಿತು. ‘ಚೆನ್ನಾಗಿಯೇ ದಣಿದಿದ್ದ’ ಅಂದು ನೋಡಿ. ಆ ‘ಏ’ ಪ್ರತ್ಯಯ ಎಷ್ಟೋ ಸಲ ಕ್ವೈಟ್‌ನ ಕೆಲಸ ಮಾಡುತ್ತದೆ. ‘ಕ್ವೈಟ್ ಡಿಫರೆಂಟ್’ಗೆ ‘ಬೇರೆಯೇ’. ‘ಕ್ವೈಟ್ ಫಾರ್’ಗೆ ‘ದೂರವೇ’. ‘ಕ್ವೈಟ್ ದ ಆಪೊಸಿಟ್’ಗೆ ‘ಅದಕ್ಕೆ ತದ್ವಿರುದ್ಧ’. ‘ನಾಟ್ ಕ್ವೈಟ್ ಬ್ಯಾಡ್’ ಅಂತ ಯಾರೂ ಬರೆಯುವುದಿಲ್ಲ, ಆದರೆ ‘ನಾಟ್ ಕ್ವೈಟ್ ಆಸ್ ಬ್ಯಾಡ್’ ಬಂದರೆ ‘ಅಷ್ಟೇನೂ ಕೆಟ್ಟದ್ದಲ್ಲ’. ಕೆಲವು ಕಡೆ ಏನೂ ಹಾಕದೆ ಬಿಡುವುದೇ ಸರಿ. ಪಾತ್ರ ಬ್ರಿಟಿಷ್ ಮುದುಕಿಯಾಗಿದ್ದರೆ, ಎಲ್ಲ ಮಾತಿಗೂ ಒಂದು ಕ್ವೈಟ್ ಸೇರಿಸುವುದು ಅವಳ ರೂಢಿ ಇರಬಹುದು. ಎಲ್ಲವನ್ನೂ ಕನ್ನಡಕ್ಕೆ ತಂದರೆ ಓದುವವರಿಗೆ ಕಲ್ಲು ಸಿಕ್ಕ ಅನ್ನದ ಹಾಗೆ.

ವಿದ್ಯಾರ್ಥಿಗೆ ಶಿಫಾರಸು ಪತ್ರ ಬರೆಯುತ್ತಿದ್ದೇನೆ. ‘ಕ್ವೈಟ್ ಇಂಟೆಲಿಜೆಂಟ್’ ಅಂತ ಬರೆಯಲಾ?

ಬೇಡ. ಅಮೆರಿಕಕ್ಕೆ ಹೋದರೆ ಹೊಗಳಿಕೆ, ಬ್ರಿಟನ್ನಿಗೆ ಹೋದರೆ ‘ಏನೋ ಪರವಾಗಿಲ್ಲ’. ಸೀಟು ಅವರಿಬ್ಬರ ನಡುವೆ ಎಲ್ಲೋ ಬಿದ್ದುಹೋಗುತ್ತದೆ. ‘ವೆರಿ’ ಬರೆಯಿರಿ. ಇನ್ನೂ ಒಳ್ಳೆಯದು ಅಂದರೆ, ಆ ಹುಡುಗಿ ಏನು ಮಾಡಿದಳು ಅಂತ ಒಂದು ಸಾಲು ಬರೆಯಿರಿ. ಆ ಸಾಲಿನಲ್ಲಿ ಕ್ವೈಟ್ ಬರದ ಹಾಗೆ ನೋಡಿಕೊಳ್ಳಿ.